ಹದಿಹರೆಯದವರಿಗೆ ಅಸಮಾನತೆಯನ್ನು ಹೇಗೆ ತೋರಿಸುವುದು? ಭಾಷಣ ಬಿಟ್ಟು ಬೇರೆ ದಾರಿ ಇದ್ದರೆ ಹೇಳಿ

ಕಿಟಕಿಪಕ್ಕ

ವಾರಕ್ಕೊಮ್ಮೆ ಒಂದು ಓದುಕೂಟ ನಡೆಸುತ್ತೇನೆ. ಬರುವವರೆಲ್ಲ ಹದಿನೈದರಿಂದ ಹದಿನೆಂಟರ ಒಳಗಿನವರು. ಪರೀಕ್ಷೆ ಇಲ್ಲ, ಅಂಕ ಇಲ್ಲ, ಬಂದರೆ ಬಂದರು. ಮಾತು ಮಾತ್ರ ಚೆನ್ನಾಗಿ ಆಡುತ್ತಾರೆ.

ಬಡತನ, ಓದು, ಕೆಲಸ ಅಂತ ವಿಷಯ ಬಂದಾಗಲೆಲ್ಲ ಎರಡೇ ಮಾತು ಕೇಳಿಸುತ್ತದೆ. "ಕಷ್ಟಪಟ್ಟರೆ ಯಾರು ಬೇಕಾದ್ರೂ ಮೇಲೆ ಬರಬಹುದು" ಅನ್ನೋದು ಒಂದು. "ಎಲ್ಲಾ ಮೊದಲೇ ಫಿಕ್ಸ್ ಆಗಿದೆ, ತಲೆ ಕೆಡಿಸಿಕೊಂಡು ಏನು ಪ್ರಯೋಜನ" ಅನ್ನೋದು ಇನ್ನೊಂದು. ತಮಾಷೆ ಅಂದ್ರೆ ಒಂದೇ ಹುಡುಗ ಒಂದೇ ಸಂಜೆ ಎರಡನ್ನೂ ಹೇಳುತ್ತಾನೆ. ತನ್ನ ಬಗ್ಗೆ ಮೊದಲನೆಯದು, ಜಗತ್ತಿನ ಬಗ್ಗೆ ಎರಡನೆಯದು.

ಅಸಮಾನತೆ ಅಂದ ತಕ್ಷಣ ಅವರು ಒಬ್ಬ ಕೆಟ್ಟ ಮನುಷ್ಯನನ್ನು ಹುಡುಕುತ್ತಾರೆ. ಬೈಯುವ ಯಜಮಾನ, ಲಂಚ ಕೇಳುವ ಅಧಿಕಾರಿ, ಹೀಗೆ. ಯಾರೂ ಕೆಟ್ಟವರಲ್ಲದಿದ್ದರೂ ನಿಯಮಗಳೇ ಕೆಲವರನ್ನು ಕೆಳಗೆ ಇಡುತ್ತವೆ ಅನ್ನೋದು ಅವರ ಕಣ್ಣಿಗೆ ಬೀಳುತ್ತಿಲ್ಲ. ಅದನ್ನು ತೋರಿಸಬೇಕು. ತೋರಿಸಿದ ಮೇಲೆ ಅವರು ಕೈಚೆಲ್ಲಿ ಕೂರಲೂಬಾರದು.

ಗೆಳತಿಯೊಬ್ಬಳು ಹೆಜ್ಜೆ ಆಟ ಆಡಿಸು ಅಂದಳು. ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ, "ಮನೆಯಲ್ಲಿ ಓದಲು ನಿಮ್ಮದೇ ಕೋಣೆ ಇದ್ದರೆ ಒಂದು ಹೆಜ್ಜೆ ಮುಂದೆ", "ಫೀಸ್ ಕಟ್ಟಲು ಯಾವತ್ತಾದರೂ ತಡವಾಗಿದ್ದರೆ ಒಂದು ಹೆಜ್ಜೆ ಹಿಂದೆ" ಅಂತ ಹೇಳುತ್ತಾ ಹೋಗುವುದು. ಆಡಿಸಿದವರು, ಆಡಿದವರು ಯಾರಾದರೂ ಇದ್ದೀರಾ?


ಬೆಂಚಿನಕೊನೆ

ಆಡಿದ್ದೇನೆ. ಕೊನೆಗೆ ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಹೋಗಿ ನಿಂತವಳು ನಾನೇ.

ಆಟ ಮುಗಿದ ಮೇಲೆ ನಡೆಸುತ್ತಿದ್ದವರು "ಈಗ ಎಲ್ಲರೂ ಹಿಂದೆ ತಿರುಗಿ ನೋಡಿ" ಅಂದರು. ಇಡೀ ತರಗತಿ ತಿರುಗಿ ನನ್ನನ್ನು ನೋಡಿತು. ಎಲ್ಲರಿಗಿಂತ ಮುಂದೆ ನಿಂತಿದ್ದ ಹುಡುಗಿಯ ಕಣ್ಣಲ್ಲಿ ನೀರು. ಆಮೇಲೆ ಚರ್ಚೆಯೆಲ್ಲ ಅವಳಿಗೆ ಹೇಗನ್ನಿಸಿತು ಅನ್ನೋದರ ಬಗ್ಗೆಯೇ ನಡೆಯಿತು. ನನಗೆ ಆ ದಿನ ಹೊಸದಾಗಿ ಗೊತ್ತಾದದ್ದು ಏನೂ ಇಲ್ಲ. ಫೀಸ್ ಕಟ್ಟಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ವಾ? ಬೇರೆಯವರಿಗೆ ಗೊತ್ತಿರಲಿಲ್ಲ, ಅಷ್ಟೇ. ಮಾರನೇ ದಿನದಿಂದ ಒಬ್ಬಳು ತನ್ನ ಹಳೇ ಗೈಡುಗಳನ್ನು ತಂದುಕೊಡೋಕೆ ಶುರು ಮಾಡಿದಳು. ಪಾಪ, ಒಳ್ಳೇ ಮನಸ್ಸಿನಿಂದಲೇ ಕೊಟ್ಟಳು. ಅದನ್ನು ತೆಗೆದುಕೊಳ್ಳೋಕೆ ನನಗೇ ಕೈ ಬರುತ್ತಿರಲಿಲ್ಲ.

ಇನ್ನೊಂದು ತೊಂದರೆ ಇದೆ. ಆ ಆಟದಲ್ಲಿ ಜನ ಕಾಣುತ್ತಾರೆ, ನಿಯಮ ಕಾಣೋದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ. ಯಾವ ಕಾನೂನು, ಯಾವ ಫಾರಂ, ಯಾರ ತೀರ್ಮಾನ ಅವರನ್ನು ಅಲ್ಲಿ ನಿಲ್ಲಿಸಿತು ಅಂತ ಗೊತ್ತಾಗೋದಿಲ್ಲ. ನೀವು ಕೇಳಿದ್ದು ಅದನ್ನೇ ಅಲ್ವಾ?

ಆಡಿಸಲೇಬೇಕು ಅಂದ್ರೆ ಎಲ್ಲರಿಗೂ ಒಂದೊಂದು ಕಲ್ಪಿತ ಪಾತ್ರದ ಚೀಟಿ ಕೊಡಿ. ಮಕ್ಕಳ ಸ್ವಂತ ಬದುಕಿಗೆ ಕೈ ಹಾಕಬೇಡಿ.


ಸುಮ್ನೆಓದುಗ

ಬೆಂಚಿನಕೊನೆಯವರ ಮಾತಿಗೆ ನನ್ನದೂ ಒಂದು ಓಟು. ನಾನು ಮುಂದೆ ನಿಂತಿದ್ದೆ. ನಾಚಿಕೆ ಆಯಿತು, ಒಂದು ವಾರದಲ್ಲಿ ಮರೆತೂ ಹೋಯಿತು.


ಲೈಬ್ರರಿಮೂಲೆ

ಇದರದ್ದೇ ಅಕ್ಕನಂಥ ಇನ್ನೊಂದು ಪ್ರಯೋಗ ಇದೆ. 1968ರ ಏಪ್ರಿಲ್‌ನಲ್ಲಿ, ಕರಿಯರ ಹಕ್ಕಿನ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, ಅಮೆರಿಕದ ಅಯೋವಾ ರಾಜ್ಯದಲ್ಲಿ ಜೇನ್ ಎಲಿಯಟ್ ಅನ್ನೋ ಟೀಚರ್ ತಮ್ಮ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣ ನೋಡಿ ಎರಡು ಗುಂಪು ಮಾಡಿದರು. ಒಂದು ಗುಂಪು ಮೇಲು, ಇನ್ನೊಂದು ಕೀಳು. ಆಮೇಲೆ ಅದಲುಬದಲು. ಮೇಲಿನ ಗುಂಪಿನ ಮಕ್ಕಳು ನೋಡನೋಡುತ್ತಲೇ ದರ್ಪ ಕಲಿತರು. ಪ್ರಸಿದ್ಧ ಪ್ರಯೋಗ, ಒಪ್ಪುತ್ತೇನೆ. ಆದರೆ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಸುಳ್ಳು ಹೇಳಿ ಅಳಿಸಿ ಪಾಠ ಕಲಿಸಬೇಕಾ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ನಾನಂತೂ ಮಾಡಿಸುವುದಿಲ್ಲ.

ಅದರ ಬದಲು ಕ್ವಿಜ್ ಆಡಿಸಿ. ಇದಕ್ಕೂ ಒಂದು ಹಿನ್ನೆಲೆ ಇದೆ. 1977ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ರಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಇಬ್ಬಿಬ್ಬರನ್ನು ಜೋಡಿ ಮಾಡಿ, ಅವರ ಕಣ್ಣೆದುರೇ ಅದೃಷ್ಟದ ಮೇಲೆ ಒಬ್ಬರಿಗೆ ಪ್ರಶ್ನೆ ಕೇಳುವ ಕೆಲಸ, ಇನ್ನೊಬ್ಬರಿಗೆ ಉತ್ತರಿಸುವ ಕೆಲಸ ಕೊಟ್ಟರು. ಕೇಳುವವರು ತಮಗೆ ಗೊತ್ತಿರುವುದರಲ್ಲೇ ಹತ್ತು ಕಷ್ಟದ ಪ್ರಶ್ನೆ ಮಾಡಬೇಕು. ಉತ್ತರಿಸುವವರಿಗೆ ಹತ್ತರಲ್ಲಿ ಸುಮಾರು ನಾಲ್ಕು ಬಂದವು. ಆಮೇಲೆ "ನಿಮ್ಮಿಬ್ಬರಲ್ಲಿ ಯಾರಿಗೆ ಜ್ಞಾನ ಜಾಸ್ತಿ?" ಅಂತ ಕೇಳಿದಾಗ ಉತ್ತರಿಸಿದವರು ತಮಗಿಂತ ಕೇಳಿದವರೇ ಬುದ್ಧಿವಂತರು ಅಂದರು. ಪಕ್ಕದಲ್ಲಿ ಕೂತು ನೋಡಿದವರೂ ಹಾಗೇ ಅಂದರು. ಜಾಗ ಹಂಚಿಕೆಯಾದದ್ದು ಬರೀ ಅದೃಷ್ಟದಿಂದ ಅಂತ ಎಲ್ಲರಿಗೂ ಗೊತ್ತಿತ್ತು! ಗೊತ್ತಿದ್ದೂ ಹಾಗೆ ಹೇಳಿದರು.

ಕೂಟದಲ್ಲಿ ಇದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಬಹುದು. ಚೀಟಿ ಎತ್ತಿಸಿ. ಆಟ ಆದ ಮೇಲೆ ತನಗೆಷ್ಟು ಜ್ಞಾನ, ಜೊತೆಗಾರರಿಗೆಷ್ಟು ಅಂತ ಎಲ್ಲರೂ ಗುಟ್ಟಾಗಿ ಹತ್ತಕ್ಕೆ ಅಂಕ ಬರೆಯಲಿ. ಆಮೇಲೆ ಪಾತ್ರ ಬದಲಿಸಿ ಮತ್ತೆ ಆಡಿಸಿ, ಮತ್ತೆ ಬರೆಸಿ. ಎರಡೂ ಚೀಟಿ ಪಕ್ಕಪಕ್ಕ ಇಟ್ಟಾಗ ಅವರೇ ಮಾತಾಡುತ್ತಾರೆ. ಸಂದರ್ಶನದಲ್ಲಿ ಪ್ರಶ್ನೆ ಕೇಳೋರು ಯಾರು, ಪಠ್ಯದಲ್ಲಿ ಏನಿರಬೇಕು ಅಂತ ಹೇಳೋರು ಯಾರು ಅಂತ ನೀವು ಒಂದು ಎಳೆ ಎಳೆದರೆ ಸಾಕು. ಯಾರ ಮನೆ ವಿಷಯವೂ ಹೊರಗೆ ಬರೋದಿಲ್ಲ.


ಲೆಕ್ಕದಮೇಷ್ಟ್ರು

ಕ್ವಿಜ್ ಚೆನ್ನಾಗಿದೆ. ಅದಾದ ಮೇಲೆ ಒಂದು ನಿಜವಾದ ಲೆಕ್ಕ ಕೊಡಿ. ನಾನು ಕೊಡೋದು ಇದನ್ನೇ.

ಅಮೆರಿಕದ ಟೆಕ್ಸಾಸ್ ರಾಜ್ಯ, ಸ್ಯಾನ್ ಆಂಟೋನಿಯೊ ನಗರ, 1967-68ರ ಶಾಲಾ ವರ್ಷ. ಅಲ್ಲಿ ಶಾಲೆಗಳ ಹಣದಲ್ಲಿ ಒಂದು ಪಾಲು ಬರೋದು ಆಯಾ ಶಾಲಾ ಜಿಲ್ಲೆಯ, ಅಂದರೆ ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕದ, ಆಸ್ತಿ ತೆರಿಗೆಯಿಂದ. ಎಡ್ಜ್‌ವುಡ್ ಅನ್ನೋ ಜಿಲ್ಲೆಯಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಬಡ ಕುಟುಂಬಗಳು. ಆಲಮೊ ಹೈಟ್ಸ್‌ನಲ್ಲಿ ಬಹುಪಾಲು ಅನುಕೂಲಸ್ಥ ಬಿಳಿಯರು. ಬೋರ್ಡಿನ ಮೇಲೆ ಇಷ್ಟು ಮಾತ್ರ ಬರೆಯುತ್ತೇನೆ:

ಎಡ್ಜ್‌ವುಡ್: ಒಬ್ಬ ವಿದ್ಯಾರ್ಥಿಗೆ ಹಂಚಿದರೆ ಆಸ್ತಿ ಮೌಲ್ಯ 5,960 ಡಾಲರ್. ತೆರಿಗೆ ನೂರಕ್ಕೆ 1.05 ಡಾಲರ್.
ಆಲಮೊ ಹೈಟ್ಸ್: ಆಸ್ತಿ ಮೌಲ್ಯ 49,000ಕ್ಕೂ ಜಾಸ್ತಿ. ತೆರಿಗೆ ನೂರಕ್ಕೆ 0.85 ಡಾಲರ್.

ಯಾರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುತ್ತಿದ್ದಾರೆ ಅಂತ ಮೊದಲು ಕೇಳುತ್ತೇನೆ. ಬಡವರು. ಹಾಗಾದರೆ ಯಾವ ಶಾಲೆಗೆ ಜಾಸ್ತಿ ದುಡ್ಡು? ಕೆಲವರು ದುಡುಕಿ ಎಡ್ಜ್‌ವುಡ್ ಅಂದುಬಿಡುತ್ತಾರೆ. ಗುಣಾಕಾರ ಮಾಡಿ ಅನ್ನುತ್ತೇನೆ. ಒಂದು ಕಡೆ ಮಗುವಿಗೆ 62 ಡಾಲರ್ ಚಿಲ್ಲರೆ, ಇನ್ನೊಂದು ಕಡೆ 416. ಅದರಲ್ಲಿ ರಾಜ್ಯದ ಯೋಜನೆಗೆ ಕಡ್ಡಾಯವಾಗಿ ಕೊಡಬೇಕಾದ ಪಾಲು ಕಳೆದರೆ ಉಳಿದದ್ದು 26 ಮತ್ತು 333. ರಾಜ್ಯ, ಕೇಂದ್ರ ಸರ್ಕಾರಗಳ ಹಣ ಸೇರಿದ ಮೇಲೂ 356 ಮತ್ತು 594.

ಆಮೇಲೆ ಮುಖ್ಯವಾದ ಲೆಕ್ಕ. ಎಡ್ಜ್‌ವುಡ್‌ನವರು ಆ 416 ಮುಟ್ಟಬೇಕಾದರೆ ಎಷ್ಟು ದರದಲ್ಲಿ ತೆರಿಗೆ ಹಾಕಿಕೊಳ್ಳಬೇಕು? ನೂರಕ್ಕೆ ಸುಮಾರು 7 ಡಾಲರ್. ಶಾಲೆ ನಡೆಸಲು ಹಾಕುವ ತೆರಿಗೆ ನೂರಕ್ಕೆ 1.50 ದಾಟಬಾರದು ಅಂತ ರಾಜ್ಯದ ಕಾನೂನೇ ಇತ್ತು. ಅಂದರೆ ಬೇಕು ಅಂದರೂ ಆಗೋದಿಲ್ಲ. ಇಷ್ಟು ಹೊತ್ತಿಗೆ ಯಾರಾದರೂ ಒಬ್ಬರು "ಇದು ಮೋಸ ಸಾರ್" ಅಂತ ಕೂಗುತ್ತಾರೆ. ಯಾರು ಮಾಡಿದ ಮೋಸ, ಹೆಸರು ಹೇಳು ಅನ್ನುತ್ತೇನೆ. ಆಲಮೊ ಹೈಟ್ಸ್‌ನವರು ಕಳ್ಳರಾ? ತೆರಿಗೆ ವಸೂಲಿ ಮಾಡುವವನು ಲಂಚ ತಿಂದನಾ? ಹೆಸರು ಸಿಗೋದಿಲ್ಲ. ಸಿಗೋದು ಒಂದು ಸೂತ್ರ. ಕಿಟಕಿಪಕ್ಕ ಅವರೇ, ನಿಮಗೆ ಬೇಕಾಗಿರೋದು ಈ ಜಾಗ ಅನ್ನಿಸುತ್ತದೆ.

ಕಥೆ ಇಲ್ಲಿಗೇ ನಿಲ್ಲಿಸಬೇಡಿ. 1968ರ ಮೇ 16ರಂದು ಎಡ್ಜ್‌ವುಡ್ ಹೈಸ್ಕೂಲಿನ ಸುಮಾರು 400 ಹುಡುಗ ಹುಡುಗಿಯರು ತರಗತಿ ಬಿಟ್ಟು ಹೊರಗೆ ನಡೆದರು. ಕಟ್ಟಡ ಹಾಳಾಗಿದೆ, ಅರ್ಹ ಶಿಕ್ಷಕರಿಲ್ಲ ಅನ್ನೋದು ಅವರ ದೂರು. ಅದಾದ ಮೇಲೆ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-4ರಿಂದ ಸೋತರು. 1989ರಲ್ಲಿ ಎಡ್ಜ್‌ವುಡ್ ಮತ್ತು ಅಂಥದೇ ಜಿಲ್ಲೆಗಳು ಹೂಡಿದ ಇನ್ನೊಂದು ಮೊಕದ್ದಮೆಯಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟು, ಒಬ್ಬ ನ್ಯಾಯಾಧೀಶರ ಅಪಸ್ವರವೂ ಇಲ್ಲದೆ, ಈ ಹಣಕಾಸು ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂದಿತು. ಹೊರಗೆ ನಡೆದ ಹುಡುಗರು ಅಷ್ಟು ಹೊತ್ತಿಗೆ ನಲವತ್ತರ ಹತ್ತಿರ ಬಂದಿದ್ದರು. ಇದನ್ನೂ ಹೇಳಿ. ಮುಚ್ಚಿಡಬೇಡಿ.


ನೇರಮಾತು

ಮೇಷ್ಟ್ರ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋದರು. ಹಗಲು ಕೆಲಸ, ರಾತ್ರಿ ಓದು. ಹದಿನಾರನೇ ವಯಸ್ಸಿನಲ್ಲಿ ಯಾರಾದರೂ ಬಂದು "ವ್ಯವಸ್ಥೆ ನಿನಗೆ ವಿರುದ್ಧ ಇದೆ ಕಣಪ್ಪಾ" ಅಂದಿದ್ದರೆ ನಾನು ಪುಸ್ತಕ ಮುಚ್ಚಿಟ್ಟು ಮಲಗಿಬಿಡುತ್ತಿದ್ದೆ. ಆ ವಯಸ್ಸಿಗೆ ಬೇಕಾದದ್ದು ಛಲ. ಅಂಕಿಅಂಶ ಆಮೇಲೆ ಓದಬಹುದು. ನಿಮ್ಮ ಪಾಠದಿಂದ ಸೋಮಾರಿಗಳಿಗೆ ಒಂದು ನೆಪ ಸಿಗುತ್ತದೆ ಅಷ್ಟೇ.


ಬೆಂಚಿನಕೊನೆ

ನೇರಮಾತು ಅವರೇ, ನಿಮ್ಮ ಛಲವನ್ನು ಯಾರೂ ಕಡಿಮೆ ಮಾಡುತ್ತಿಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೂ ಹೆಚ್ಚಿನ ದರದಲ್ಲಿ ತೆರಿಗೆ ಹಾಕಿಕೊಂಡರಲ್ಲ ಎಡ್ಜ್‌ವುಡ್‌ನವರು, ಅದಕ್ಕಿಂತ ಛಲ ಇನ್ನೇನು ಬೇಕು?

ಹೆಸರಿನ ಪ್ರಯೋಗ ಅಂತ ಒಂದಿದೆ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2004ರಲ್ಲಿ ಪ್ರಕಟಿಸಿದ್ದು. ಬಾಸ್ಟನ್, ಶಿಕಾಗೋ ನಗರಗಳ ಕೆಲಸದ ಜಾಹೀರಾತುಗಳಿಗೆ ಐದು ಸಾವಿರದ ಹತ್ತಿರ ಕಲ್ಪಿತ ಅರ್ಜಿ ಕಳಿಸಿದರು. ಓದು, ಅನುಭವ ಎಲ್ಲ ಒಂದೇ ಮಟ್ಟದ್ದು. ಹೆಸರು ಮಾತ್ರ ಕೆಲವದರಲ್ಲಿ ಬಿಳಿಯರದ್ದು ಅನ್ನಿಸುವಂಥದ್ದು, ಕೆಲವದರಲ್ಲಿ ಕರಿಯರದ್ದು ಅನ್ನಿಸುವಂಥದ್ದು. ಮೊದಲನೆಯವರಿಗೆ ಸುಮಾರು ಹತ್ತು ಅರ್ಜಿಗೆ ಒಂದು ಕರೆ ಬಂತು. ಎರಡನೆಯವರಿಗೆ ಹದಿನೈದಕ್ಕೆ ಒಂದು. ಭಾರತದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಇಂಥದ್ದೇ ಪ್ರಯೋಗ ಪ್ರಕಟಿಸಿದರು. ಅಲ್ಲೂ ದಲಿತ, ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಈಗ ಹೇಳಿ, ಹದಿನೈದು ಅರ್ಜಿ ಹಾಕಿ ಹದಿನಾಲ್ಕು ಸಲ ಉತ್ತರವೇ ಬಾರದ ಹುಡುಗ ಯಾರನ್ನು ಬೈದುಕೊಳ್ಳುತ್ತಾನೆ? ಛಲ ಅನ್ನೋದೊಂದೇ ಪಾಠ ಕಲಿತಿದ್ದರೆ ತನ್ನನ್ನೇ.


ಲೈಬ್ರರಿಮೂಲೆ

ನೆಪ ಸಿಗುತ್ತದಾ ಅನ್ನೋದು ಒಳ್ಳೇ ಪ್ರಶ್ನೆ. ಅದನ್ನು ಹತ್ತಿರದಿಂದ ನೋಡಿದವರಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎರಿನ್ ಗಾಡ್‌ಫ್ರೆ ಮತ್ತು ಸಂಗಡಿಗರು ಅರಿಜೋನಾದ ಒಂದು ಶಾಲೆಯ ಮಕ್ಕಳನ್ನು ಆರನೇ ತರಗತಿಯಿಂದ ಎಂಟರವರೆಗೆ ಗಮನಿಸಿದರು. ಹೆಚ್ಚಿನವರು ಬಡ, ಅಲ್ಪಸಂಖ್ಯಾತ ಕುಟುಂಬಗಳ ಮಕ್ಕಳು. ವ್ಯವಸ್ಥೆ ಎಲ್ಲರಿಗೂ ನ್ಯಾಯವಾಗಿದೆ ಅಂತ ನಂಬಿದ್ದವರ ಆತ್ಮವಿಶ್ವಾಸ ಆರನೇ ತರಗತಿಯಲ್ಲಿ ಚೆನ್ನಾಗಿಯೇ ಇತ್ತು. ನಡವಳಿಕೆಯೂ ಚೆನ್ನಾಗಿತ್ತು. ಅಷ್ಟರ ಮಟ್ಟಿಗೆ ನೇರಮಾತು ಸರಿ. ಎಂಟನೇ ತರಗತಿಗೆ ಬರುವಷ್ಟರಲ್ಲಿ ಅದೇ ಮಕ್ಕಳ ಆತ್ಮವಿಶ್ವಾಸ ಇಳಿಯುತ್ತಾ ಬಂತು, ಅಡ್ಡದಾರಿಯ ನಡವಳಿಕೆ ಏರುತ್ತಾ ಬಂತು. ನಂಬಿಕೆಗೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗದೇ ಹೋದಾಗ ಮಕ್ಕಳು ತಮ್ಮಲ್ಲೇ ಏನೋ ಐಬಿದೆ ಅಂದುಕೊಳ್ಳುತ್ತಾರೆ ಅನ್ನೋದು ಸಂಶೋಧಕರ ವಿವರಣೆ.


ನೇರಮಾತು

ಒಂದು ಶಾಲೆಯ ಮಕ್ಕಳನ್ನು ನೋಡಿ ಇಡೀ ಲೋಕಕ್ಕೆ ತೀರ್ಪು ಕೊಡೋದು ಬೇಡ. ಆದರೂ ಯೋಚಿಸುವಂತಿದೆ. ಒಂದು ಷರತ್ತಿನ ಮೇಲೆ ಒಪ್ಪುತ್ತೇನೆ: ಸಮಸ್ಯೆ ತೋರಿಸಿದ ದಿನವೇ, ಅದಕ್ಕೆ ಏನು ಮಾಡಬಹುದು ಅಂತಲೂ ತೋರಿಸಬೇಕು. ಬರೀ ಅಳು ಹಂಚೋದಾದರೆ ನನ್ನ ಮಕ್ಕಳನ್ನು ನಿಮ್ಮ ಕೂಟಕ್ಕೆ ಕಳಿಸುವುದಿಲ್ಲ.


ಅಳತೆಪಟ್ಟಿ

ನಾನು ಕಟ್ಟಡ ವಿನ್ಯಾಸದ ಕೆಲಸದವನು. ಕೋರ್ಟು, ತೆರಿಗೆ ಅಂದರೆ ಹುಡುಗರಿಗೆ ದೂರ ಅನ್ನಿಸಬಹುದು. ಶೌಚಾಲಯದ ಸಾಲು ತೋರಿಸಿ.

ಹೆಚ್ಚಿನ ಕಟ್ಟಡಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಸಮಸಮ ಜಾಗ ಕೊಟ್ಟಿರುತ್ತಾರೆ. ನಕ್ಷೆಯಲ್ಲಿ ನೋಡಿದರೆ ನ್ಯಾಯ. ಅಷ್ಟೇ ಜಾಗದಲ್ಲಿ ಗಂಡಸರ ಕಡೆ ನಿಂತು ಬಳಸುವ ಬೇಸಿನ್ನುಗಳು ಸೇರಿ ಹೆಚ್ಚು ಜನರಿಗೆ ಅವಕಾಶ. ಹೆಂಗಸರ ಕಡೆ ಎಲ್ಲವೂ ಬಾಗಿಲಿರುವ ಕೋಣೆಗಳೇ. ಹೆಂಗಸರಿಗೆ ಬೇಕಾಗುವ ಸಮಯವೂ ಜಾಸ್ತಿ. ಬಟ್ಟೆ, ಮುಟ್ಟು, ಬಸಿರು, ಜೊತೆಗೊಂದು ಮಗು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಪರಿಣಾಮ ಏನು ಅಂತ ಹೇಳಬೇಕಾಗಿಲ್ಲ, ಯಾವ ಸಭಾಂಗಣದಲ್ಲಾದರೂ ವಿರಾಮದ ಹೊತ್ತಿನಲ್ಲಿ ನೋಡಿ. ನ್ಯೂಯಾರ್ಕ್ ನಗರ 2005ರಲ್ಲಿ ಕಾನೂನೇ ಮಾಡಿತು. ಹೊಸದಾಗಿ ಕಟ್ಟುವ ರಂಗಮಂದಿರದಂಥ ಜಾಗಗಳಲ್ಲಿ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಎರಡು ಇರಬೇಕು ಅಂತ.

ಸಮವಾಗಿ ಹಂಚೋದೂ ನ್ಯಾಯವಾಗಿ ಹಂಚೋದೂ ಒಂದೇ ಅಲ್ಲ ಅಂತ ಭಾಷಣ ಮಾಡಿದರೆ ಆಕಳಿಸುತ್ತಾರೆ. ಪೆನ್ಸಿಲ್ ಕೊಟ್ಟು ಒಂದೇ ಅಳತೆಯ ಎರಡು ಚೌಕದಲ್ಲಿ ನೀವೇ ಜೋಡಿಸಿ ನೋಡಿ ಅಂದರೆ ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ. ಅದೇ ಚೌಕಕ್ಕೆ ಗಾಲಿಕುರ್ಚಿ ತಿರುಗುವಷ್ಟು ಜಾಗವೂ ಬೇಕು ಅಂತ ಆಮೇಲೆ ಹೇಳಿ. ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಶುರು ಮಾಡುತ್ತಾರೆ. ವಿನ್ಯಾಸಕಾರರ ಸಂಕಟವೂ ಅವರಿಗೆ ಸ್ವಲ್ಪ ಗೊತ್ತಾಗಲಿ ಬಿಡಿ.


ಹತ್ತೊಂಬತ್ತು

ನನ್ನ ವಯಸ್ಸೇ ನನ್ನ ಹೆಸರು. ನೀವೆಲ್ಲ ಯಾರ ಬಗ್ಗೆ ಮಾತಾಡ್ತಿದ್ದೀರೋ ಅವರಲ್ಲಿ ಒಬ್ಬಳು. ದೊಡ್ಡವರ ಕಥೆಯೆಲ್ಲ ಐವತ್ತು ವರ್ಷ ಹಿಂದಿನದು ಯಾಕೆ?

2020 ತಗೊಳ್ಳಿ. ಕೊರೊನಾದಿಂದ ಇಂಗ್ಲೆಂಡಿನಲ್ಲಿ ಎ ಲೆವೆಲ್ ಪರೀಕ್ಷೆ (ಶಾಲೆ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋಗೋಕೆ ಬರೆಯೋದು) ನಡೆಯಲಿಲ್ಲ. ಶಿಕ್ಷಕರು ಪ್ರತಿ ವಿದ್ಯಾರ್ಥಿಗೂ ಒಂದು ಅಂದಾಜು ಗ್ರೇಡ್ ಕೊಟ್ಟರು, ತರಗತಿಯಲ್ಲಿ ಯಾರು ಎಷ್ಟನೆಯವರು ಅಂತ ಪಟ್ಟಿಯನ್ನೂ ಕೊಟ್ಟರು. ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ಅದನ್ನು ಗ್ರೇಡ್ ಲೆಕ್ಕ ಹಾಕುವ ಒಂದು ಅಲ್ಗಾರಿದಮ್‌ಗೆ ಹಾಕಿತು. ಆ ಶಾಲೆಯಲ್ಲಿ ಹಿಂದಿನ ವರ್ಷಗಳಲ್ಲಿ ಎಂಥ ಫಲಿತಾಂಶ ಬಂದಿತ್ತು ಅನ್ನೋದರ ಮೇಲೆ ಈ ವರ್ಷದವರ ಗ್ರೇಡ್ ನಿಂತಿತು. ಶಿಕ್ಷಕರು ಕೊಟ್ಟ ಗ್ರೇಡುಗಳಲ್ಲಿ ಸುಮಾರು ಶೇ. 39 ಕೆಳಗಿಳಿದವು. ನಿಮ್ಮ ಶಾಲೆಯಿಂದ ಮೊದಲು ಯಾರೂ ಮೇಲಿನ ಗ್ರೇಡ್ ತೆಗೆದಿಲ್ಲ ಅಂದ್ರೆ ನೀವು ಎಷ್ಟೇ ಜಾಣೆಯಾದರೂ ಸಿಗೋದು ಕಷ್ಟ. ಮಕ್ಕಳು ತೀರಾ ಕಡಿಮೆ ಇದ್ದ ತರಗತಿಗಳಲ್ಲಿ ಮಾತ್ರ ಶಿಕ್ಷಕರ ಅಂದಾಜಿಗೇ ಬೆಲೆ ಕೊಟ್ಟರು. ಅಂಥ ಸಣ್ಣ ತರಗತಿ ಜಾಸ್ತಿ ಇರೋದು ಎಲ್ಲಿ? ದುಬಾರಿ ಖಾಸಗಿ ಶಾಲೆಗಳಲ್ಲಿ.

ಅಲ್ಗಾರಿದಮ್‌ಗೆ ಯಾರ ಮೇಲೂ ದ್ವೇಷ ಇಲ್ಲ. ಮೇಷ್ಟ್ರು ಹೇಳಿದ ಸೂತ್ರದ ಥರಾನೇ. ಫಲಿತಾಂಶ ಬಂದದ್ದು ಆಗಸ್ಟ್ 13. ವಿದ್ಯಾರ್ಥಿಗಳು ಬೀದಿಗೆ ಬಂದರು. 17ಕ್ಕೆ ಸರ್ಕಾರ ಅದನ್ನು ಕೈಬಿಟ್ಟು ಶಿಕ್ಷಕರ ಗ್ರೇಡಿಗೆ ವಾಪಸ್ ಬಂತು. ನಾಲ್ಕು ದಿನ! ಎಡ್ಜ್‌ವುಡ್‌ಗೆ ಇಪ್ಪತ್ತೊಂದು ವರ್ಷ ಯಾಕೆ, ಇವರಿಗೆ ನಾಲ್ಕು ದಿನ ಯಾಕೆ ಅಂತ ನಿಮ್ಮ ಕೂಟದಲ್ಲಿ ಕೇಳಿ ನೋಡಿ. ನನ್ನ ಉತ್ತರ: ಇಲ್ಲಿ ಪೆಟ್ಟು ಎಲ್ಲ ಊರುಗಳಲ್ಲೂ ಒಂದೇ ದಿನ ಬಿತ್ತು, ಕಾಗದದಲ್ಲಿ ಬರೆದು ಬಂತು. ಅಲ್ಲಿ ಒಂದು ಮೂಲೆಯ ಮಕ್ಕಳಿಗೆ ಮಾತ್ರ, ಅದೂ ನಿಧಾನಕ್ಕೆ.

ಇನ್ನೊಂದು ದೂರು ಇದೆ. ದೊಡ್ಡವರು ನಮಗೆ ಅನ್ಯಾಯದ ಪಾಠ ಹೇಳಿಕೊಡ್ತಾರೆ, ನಾವು ಎದ್ದು ನಿಂತರೆ "ಈಗಲ್ಲ, ನೀನಲ್ಲ" ಅಂತಾರೆ. ಕ್ಲೋಡೆಟ್ ಕಾಲ್ವಿನ್ ಕೇಳಿದ್ದೀರಾ? 1955ರ ಮಾರ್ಚ್ 2, ಅಮೆರಿಕದ ಮಾಂಟ್‌ಗೊಮರಿ ನಗರದ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲ್ಲ ಅಂದ ಕರಿಯ ಹುಡುಗಿ. ವಯಸ್ಸು 15. ಶಾಲೆಯಲ್ಲಿ ಆಗತಾನೇ ಕಪ್ಪು ಜನರ ಇತಿಹಾಸ ಓದುತ್ತಿದ್ದಳು. ಇದಕ್ಕೇ ಹೆಸರಾದ ರೋಸಾ ಪಾರ್ಕ್ಸ್ ಅದನ್ನೇ ಮಾಡಿದ್ದು ಒಂಬತ್ತು ತಿಂಗಳ ಮೇಲೆ. ಹೋರಾಟದ ಮುಂದಾಳುಗಳು ಈ ಹುಡುಗಿಯನ್ನು ಮುಂದಿಟ್ಟುಕೊಳ್ಳಲಿಲ್ಲ. ಆದರೂ ಬಸ್ಸಿನಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವ ಪದ್ಧತಿಯನ್ನು 1956ರಲ್ಲಿ ಕೊನೆಗೊಳಿಸಿದ ಮೊಕದ್ದಮೆಯಲ್ಲಿ ಅವಳೂ ಒಬ್ಬ ಫಿರ್ಯಾದಿ.


ಹಳೇಛತ್ರಿ

ಹತ್ತೊಂಬತ್ತು, ನಿನ್ನ ಸಿಟ್ಟು ಸರಿಯಾಗೇ ಇದೆ ಮಗಳೇ. "ಈಗಲ್ಲ" ಅನ್ನೋ ಎಲ್ಲರೂ ಹೇಡಿಗಳಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

1976ರ ಜೂನ್ 16, ದಕ್ಷಿಣ ಆಫ್ರಿಕಾದ ಸೊವೆಟೊ. ಕರಿಯ ಮಕ್ಕಳ ಶಾಲೆಗಳಲ್ಲಿ ಗಣಿತದಂಥ ವಿಷಯಗಳನ್ನು ಆಳುತ್ತಿದ್ದ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕು ಅಂತ ಸರ್ಕಾರ ಹೇರಿತು. ಸಾವಿರಾರು ಮಕ್ಕಳು ಮೆರವಣಿಗೆ ಹೊರಟರು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಕ್ಟರ್ ಪೀಟರ್ಸನ್‌ಗೆ 12 ವರ್ಷ. ಅಲ್ಲಿ ಈಗ ಆ ದಿನ ಯುವಜನರ ದಿನ. ಕೇಳೋಕೆ ರೋಮಾಂಚನ. ಆದರೆ ನಾಳೆ ನಮ್ಮ ಮುಂದೆ ಕೂತ ಹುಡುಗಿಗೆ ಏನಾದರೂ ಆದರೆ ಅವಳ ಮನೆಗೆ ಹೋಗಿ ನಿಲ್ಲಬೇಕಾದವರು ನಾವು. ಎದ್ದು ನಿಲ್ಲು ಅಂತ ಹುರಿದುಂಬಿಸುವವರು ಜೊತೆಗೆ ಎಲ್ಲಿವರೆಗೆ ಬರುತ್ತೇವೆ ಅಂತ ಮೊದಲೇ ಹೇಳಬೇಕು. ಪತ್ರಕ್ಕೆ ಸಹಿ ಹಾಕುತ್ತೀರಾ? ಕಚೇರಿಗೆ ಜೊತೆಗೆ ಬರುತ್ತೀರಾ? ಶಾಲೆಯಿಂದ ಹೊರಗೆ ಹಾಕಿದರೆ ಮಾತಾಡುತ್ತೀರಾ? ಉತ್ತರ ಇಲ್ಲದಿದ್ದರೆ ಮಕ್ಕಳನ್ನು ಮುಂದೆ ತಳ್ಳಬೇಡಿ.


ಕೆರೆದಂಡೆ

ಒಂದು ವಿಷಯ ಬಿಟ್ಟುಹೋಗುತ್ತಿದೆ. ನಿಯಮ ಬದಲಾದರೆ ಎಲ್ಲ ಸರಿಹೋಯಿತು ಅಂತ ಮಕ್ಕಳು ತಿಳಿಯಬಾರದು.

ಈಗಿನ ಮಹಾರಾಷ್ಟ್ರದ ಮಹಾಡ್ ಊರು ತಗೊಳ್ಳಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರು ಅನ್ನಿಸಿಕೊಂಡವರಿಗೂ ತೆರೆದಿರಬೇಕು ಅಂತ ಬಾಂಬೆ ಶಾಸನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಮಹಾಡ್ ಪುರಸಭೆಯೂ 1924ರಲ್ಲಿ ಒಪ್ಪಿ ನಿರ್ಣಯ ಮಾಡಿತು. ಕಾಗದ ಪಕ್ಕಾ. ಚವದಾರ್ ಕೆರೆಯ ನೀರು ಮುಟ್ಟೋಕೆ ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ನಡೆದುಹೋಗಿ ಆ ನೀರು ಕುಡಿದರು. ಅವರ ಮೇಲೆ ಹಲ್ಲೆ ಆಯಿತು. ಕೆರೆಯನ್ನು ಶುದ್ಧಿ ಮಾಡುವ ಶಾಸ್ತ್ರವೂ ನಡೆಯಿತು. ಪ್ರಕರಣ ಕೋರ್ಟಿಗೆ ಹೋಗಿ ಬಾಂಬೆ ಹೈಕೋರ್ಟಿನಲ್ಲಿ ಅವರ ಪರ ತೀರ್ಪು ಬಂದದ್ದು 1937ರಲ್ಲಿ. ಠರಾವಿಗೂ ಈ ತೀರ್ಪಿಗೂ ಹದಿನಾಲ್ಕು ವರ್ಷದ ಅಂತರ.

ಅಂಬೇಡ್ಕರ್ ಜಾತಿಯನ್ನು ಶ್ರೇಣೀಕೃತ ಅಸಮಾನತೆ ಅಂದರು. ಮೇಲೆ ಒಬ್ಬ, ಕೆಳಗೆ ಒಬ್ಬ ಅಂತ ಎರಡೇ ಮೆಟ್ಟಿಲಲ್ಲ. ಪ್ರತಿ ಮೆಟ್ಟಿಲಿನವನಿಗೂ ತನಗಿಂತ ಕೆಳಗೆ ಇನ್ನೊಬ್ಬ ಇದ್ದಾನೆ. ಹಾಗಾಗಿ ಎಲ್ಲರೂ ಒಟ್ಟಾಗಿ ಸಿಟ್ಟಾಗೋದಿಲ್ಲ, ಪ್ರತಿಯೊಬ್ಬನಿಗೂ ಕಳೆದುಕೊಳ್ಳೋಕೆ ಸ್ವಲ್ಪ ಇದೆ. ಹೆಜ್ಜೆ ಆಟದಲ್ಲಿ ಎಲ್ಲರೂ ಮೊದಲನೆಯವಳನ್ನೂ ಕೊನೆಯವಳನ್ನೂ ನೋಡುತ್ತಾರೆ. ಮಧ್ಯದಲ್ಲಿ ನಿಂತವರನ್ನು ಯಾರೂ ಕೇಳೋದಿಲ್ಲ. ನನಗೆ ಕುತೂಹಲ ಇರೋದೇ ಅವರ ಬಗ್ಗೆ. "ನಿನ್ನ ಹಿಂದೆ ಯಾರಾದರೂ ಇದ್ದಾರೆ ಅಂತ ಖುಷಿಯಾಯಿತಾ?" ಕಷ್ಟದ ಪ್ರಶ್ನೆ, ಕಲ್ಪಿತ ಪಾತ್ರಗಳಲ್ಲಾದರೆ ಕೇಳಬಹುದು.


ಕಿಟಕಿಪಕ್ಕ

ಎಲ್ಲರಿಗೂ ಥ್ಯಾಂಕ್ಸ್. ಹೆಜ್ಜೆ ಆಟ ಕೈಬಿಟ್ಟೆ. ಕ್ವಿಜ್ ಆಯಿತು, ಎಡ್ಜ್‌ವುಡ್ ಲೆಕ್ಕವೂ ಆಯಿತು. ಕ್ವಿಜ್‌ನಲ್ಲಿ ಒಬ್ಬಳು ಎರಡನೇ ಸಲ ಪ್ರಶ್ನೆ ಕೇಳುವ ಜಾಗಕ್ಕೆ ಬಂದಾಗ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಳು. ಅವಳಿಗೇ ಗೊತ್ತಿರಲಿಲ್ಲ. ಪಕ್ಕದವನು ತೋರಿಸಿದ ಮೇಲೆ ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಂಕದ ಚೀಟಿಗಳಿಗಿಂತ ಅದೇ ಜಾಸ್ತಿ ಕೆಲಸ ಮಾಡಿತು.

ಆಮೇಲೆ "ನಮ್ಮ ಸುತ್ತ ಯಾರೂ ಕೆಟ್ಟವರಲ್ಲದಿದ್ದರೂ ಕೆಲವರನ್ನು ಹೊರಗಿಡುವ ಒಂದು ನಿಯಮ ಹುಡುಕಿಕೊಂಡು ಬನ್ನಿ" ಅಂದೆ. ತಂದದ್ದು ಗ್ರಂಥಾಲಯದ ಸದಸ್ಯತ್ವದ ಅರ್ಜಿ. ಖಾಯಂ ವಿಳಾಸದ ದಾಖಲೆ ಬೇಕು, ಜೊತೆಗೆ ಪೋಷಕರ ಸಹಿ ಬೇಕು. ಕೆಲಸಕ್ಕಾಗಿ ವರ್ಷಕ್ಕೆರಡು ಸಲ ಮನೆ ಬದಲಿಸುವ ಕುಟುಂಬದ ಮಕ್ಕಳಿಗೆ ವಿಳಾಸದ ದಾಖಲೆ ಇರೋದಿಲ್ಲ. ಅಪ್ಪ ಅಮ್ಮ ದೂರದಲ್ಲಿದ್ದು ಸಂಬಂಧಿಕರ ಮನೆಯಲ್ಲಿರುವವರಿಗೆ ಸಹಿ ಸಿಗೋದಿಲ್ಲ. ಕೌಂಟರಿನಲ್ಲಿ ಕೂರುವವರು ತುಂಬಾ ಒಳ್ಳೆಯವರು, ಮಕ್ಕಳನ್ನು ಕಂಡರೆ ಅಕ್ಕರೆ. ಫಾರಂ ತುಂಬದಿದ್ದರೆ ಅವರೂ ಏನೂ ಮಾಡುವ ಹಾಗಿಲ್ಲ.

ಈಗ ಪತ್ರ ಬರೆಯೋಣ ಅಂತ ಹೊರಟಿದ್ದಾರೆ. ಇಬ್ಬರಿಗೆ ಪತ್ರದಲ್ಲಿ ನಂಬಿಕೆಯಿಲ್ಲ, ವಿಡಿಯೋ ಮಾಡಿ ಹಾಕೋಣ ಅಂತಾರೆ. ಏನು ಹೇಳಲಿ?


ಹಳೇಛತ್ರಿ

ವಿಡಿಯೋ ಈಗ ಬೇಡ. ಕೌಂಟರಿನಲ್ಲಿರುವ ಒಳ್ಳೇ ಹೆಂಗಸಿನ ಮುಖವೇ ಅದರಲ್ಲಿ ಕಾಣೋದು, ನಿಯಮ ಮಾಡಿದವರದ್ದಲ್ಲ. ಆ ನಿಯಮ ಯಾವ ಸಭೆಯಲ್ಲಿ, ಯಾರ ಸಹಿಯಿಂದ ಬಂತು ಅಂತ ಮೊದಲು ಪತ್ತೆ ಮಾಡಿಸಿ. ಪತ್ರ ಹೋಗಬೇಕಾದದ್ದು ಅಲ್ಲಿಗೆ. ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಸಿಕೊಳ್ಳಿ.


ನೇರಮಾತು

ಬರೀ ದೂರು ಬರೆಯಬೇಡಿ. ಬದಲಿಗೆ ಏನು ಬೇಕು ಅಂತಲೂ ಬರೆಯಿರಿ. ವಿಳಾಸದ ದಾಖಲೆ ಬದಲು ಶಾಲೆಯ ಪತ್ರ ಸಾಕು ಅನ್ನಿ. ಹೊಸ ಸದಸ್ಯರಿಗೆ ಮೊದಲು ಒಂದೇ ಪುಸ್ತಕ, ವಾಪಸ್ ತಂದರೆ ಎರಡು. ಪುಸ್ತಕ ಕಳೆದುಹೋಗುತ್ತದೆ ಅನ್ನೋ ಭಯ ಅವರದ್ದು, ಅದಕ್ಕೆ ಉತ್ತರ ಇರಬೇಕು. ಹುಡುಗರ ಮೇಲೆ ನನಗೆ ನಂಬಿಕೆ ಬಂತು ಅಂತ ಹೇಳಿ.


ಬೆಂಚಿನಕೊನೆ

ಒಂದೇ ಕೋರಿಕೆ. ಪತ್ರದಲ್ಲಿ "ನಮ್ಮಲ್ಲಿ ಇಂಥವಳಿಗೆ ದಾಖಲೆ ಇಲ್ಲ" ಅಂತ ಯಾರ ಹೆಸರೂ ಬರೆಯಬೇಡಿ, ಅವಳೇ ಬರೆಯಿರಿ ಅಂದರೆ ಬೇರೆ ಮಾತು. ಅವಳನ್ನು ಎಲ್ಲರ ಎದುರಿಗೆ ಕೇಳಬೇಡಿ. ಎದುರಿಗೆ ಕೇಳಿದರೆ ಯಾರೂ ಬೇಡ ಅನ್ನೋದಿಲ್ಲ.


ಹತ್ತೊಂಬತ್ತು

ಸಹಿ ಎಲ್ಲರೂ ಹಾಕಲಿ, ಸದಸ್ಯತ್ವ ಇರುವವರು ಮೊದಲು. ಉತ್ತರ ಕೊಡೋಕೆ ಒಂದು ತಾರೀಖು ಪತ್ರದಲ್ಲೇ ಬರೆದುಬಿಡಿ. ಆ ತಾರೀಖು ದಾಟಿದರೆ ವಿಡಿಯೋ ಮಾಡೋಣ ಅನ್ನೋ ಇಬ್ಬರ ಮಾತಿಗೂ ಬೆಲೆ ಕೊಡಬೇಕು, ಆಗ "ಈಗಲ್ಲ" ಅನ್ನಬಾರದು. ಕಿಟಕಿಪಕ್ಕ ಅಕ್ಕ, ಹಳೇಛತ್ರಿಯವರು ಕೇಳಿದ ಪ್ರಶ್ನೆ ನಿಮಗೂ ಅನ್ವಯಿಸುತ್ತೆ ಅಲ್ವಾ? ಪತ್ರದಲ್ಲಿ ನಿಮ್ಮ ಸಹಿ ಇರುತ್ತಾ?


ಕಿಟಕಿಪಕ್ಕ

ಇರುತ್ತೆ. ಮಕ್ಕಳ ಸಹಿಗಳ ಕೆಳಗೆ. ಸಮಿತಿಯ ಸಭೆ ಯಾವಾಗ ಅಂತ ವಿಚಾರಿಸೋಕೆ ಇಬ್ಬರು ನಾಳೆ ಹೋಗುತ್ತಿದ್ದಾರೆ, ವಿಡಿಯೋ ಬೇಕು ಅಂದವರೇ.